ಡಾಂಗಲ್ ಉಂಟು, ಸದ್ದಿಲ್ಲ: ಲಿನಕ್ಸ್‌ನಲ್ಲಿ ಎಸ್‌ಡಿಆರ್ ಎಲ್ಲಿ ಸಿಕ್ಕಿಬೀಳುತ್ತದೆ?

ಕಳೆದ ಜುಲೈಯ ಒಂದು ಸಂಜೆ. ಸಂತೆಕಟ್ಟೆಯ ನಮ್ಮ ಮನೆಯ ಜಗಲಿಗೆ ಮಳೆ ಎರಚುತ್ತಿತ್ತು. ತಂಗಿಯ ಮಗ ಲ್ಯಾಪ್‌ಟಾಪನ್ನು ಎರಡು ತೊಟ್ಟೆಯೊಳಗೆ ಸುತ್ತಿಕೊಂಡು ಬಂದ. ಕಿಸೆಯಿಂದ ಹೆಬ್ಬೆರಳಿನಷ್ಟು ಉದ್ದದ, ಯುಎಸ್‌ಬಿಗೆ ಚುಚ್ಚುವ ಒಂದು ರೇಡಿಯೊ ಡಾಂಗಲ್ ತೆಗೆದು ಮೇಜಿನ ಮೇಲಿಟ್ಟ.

"ಮಾವ, ಹಾಳಾದದ್ದೇ ಕಳಿಸಿದ್ದಾರೆ ಕಾಣ್ತದೆ. ಮೂರು ದಿನ ಆಯ್ತು, ಎಂತ ಮಾಡಿದ್ರೂ ಆಗುದಿಲ್ಲ."

"ಎಂತ ಹೇಳ್ತದೆ ಅದು?"

"ಎಂತದೋ ಎರರ್."

ಈ 'ಎಂತದೋ' ಇದೆಯಲ್ಲ, ಮೂರು ದಿನ ಹೋದದ್ದು ಅದರಲ್ಲೇ. ಅವನ ಟರ್ಮಿನಲ್‌ನ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಯ ಹಿಸ್ಟರಿ ತೆಗೆದು ನೋಡಿದೆ. ಅಲ್ಲಿ ಇಲ್ಲಿ ಸಿಕ್ಕಿದ ಕಮಾಂಡುಗಳನ್ನೆಲ್ಲ ತಂದು ಅಂಟಿಸಿದ್ದ. ಒಂದೇ ಫೈಲನ್ನು ಮೂರು ಹೆಸರಲ್ಲಿ ಬರೆದಿದ್ದ. ಒಂದೇ ಲೈಬ್ರರಿಯನ್ನು, ಅಂದರೆ ಬೇರೆ ಪ್ರೋಗ್ರಾಮುಗಳು ಬಳಸಿಕೊಳ್ಳುವ ಕೋಡಿನ ಗಂಟನ್ನು, ಎರಡು ದಾರಿಯಲ್ಲಿ ಹಾಕಿದ್ದ. ಜ್ವರದ್ದು, ಕೆಮ್ಮಿನದ್ದು, ಹೊಟ್ಟೆನೋವಿನದ್ದು ಎಲ್ಲ ಮಾತ್ರೆ ಒಟ್ಟಿಗೆ ನುಂಗಿದ ಹಾಗೆ. ಎರರ್ ಏನು ಹೇಳುತ್ತಿದೆ ಎಂದು ಮಾತ್ರ ಓದಿರಲಿಲ್ಲ.

ಎಸ್‌ಡಿಆರ್, ಅಂದರೆ ಹೆಚ್ಚಿನ ಕೆಲಸವನ್ನು ಕಂಪ್ಯೂಟರಿನ ಸಾಫ್ಟ್‌ವೇರೇ ಮಾಡುವ ಸಾಫ್ಟ್‌ವೇರ್ ಡಿಫೈನ್ಡ್ ರೇಡಿಯೊ, ಲಿನಕ್ಸ್‌ನಲ್ಲಿ ಕೂರದಿದ್ದರೆ ಹೆಚ್ಚಿನವರು ಮಾಡುವುದು ಇದನ್ನೇ. ಆದರೆ ಇದು ಅಷ್ಟು ಗೋಜಲಿನ ವಿಷಯ ಅಲ್ಲ. ಮಲ್ಪೆಯ ಬೋಟಿನಲ್ಲಿ ಸಿಕ್ಕಿದ ಬಂಗುಡೆ ನಿಮ್ಮ ಸಾರಿಗೆ ಬರಬೇಕಾದರೆ ಬೋಟು, ಧಕ್ಕೆ, ಟೆಂಪೊ, ಮಾರ್ಕೆಟ್, ಅಡುಗೆಮನೆ ಎಲ್ಲ ದಾಟಬೇಕು. ಸಾರಿನಲ್ಲಿ ಮೀನಿಲ್ಲ ಎಂದ ಕೂಡಲೇ ಬೋಟಿನವನನ್ನು ಬೈದರೆ ಆಗುತ್ತದಾ? ಬುಟ್ಟಿ ಎಲ್ಲಿ ನಿಂತಿದೆ ನೋಡಬೇಕು. ಆಂಟೆನಾದಿಂದ ನಿಮ್ಮ ಕಿವಿಯ ತನಕ ಸಿಗ್ನಲ್‌ಗೂ ಹೀಗೇ ಒಂದು ದಾರಿ ಉಂಟು. ಯಾವ ಕಡೆ ನಿಂತಿದೆ ಎಂದು ಎರರ್‌ನ ನಂಬರೇ ಹೇಳುತ್ತದೆ.

ಒಂದು ಮಾತು ಮೊದಲೇ ಹೇಳುತ್ತೇನೆ. ಕಮಾಂಡುಗಳನ್ನು ಇಲ್ಲಿ ನಾವು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ ಬಳಸಿ.

ಈ ಡಾಂಗಲ್ ಹುಟ್ಟಿದ್ದು ಟಿವಿ ನೋಡಲಿಕ್ಕೆ. ಒಳಗೆ ಎರಡು ಚಿಪ್ ಇವೆ. ಒಂದು ಟ್ಯೂನರ್, ಸಾಮಾನ್ಯವಾಗಿ ಆರ್820ಟಿ2. ಅದು ಸುಮಾರು 24 ಮೆಗಾಹರ್ಟ್ಸ್‌ನಿಂದ 1,766 ಮೆಗಾಹರ್ಟ್ಸ್ ತನಕ ನೀವು ಹೇಳಿದ ಜಾಗಕ್ಕೆ ಹೋಗಿ ಅಲ್ಲಿನ ಒಂದು ತುಂಡನ್ನು ಕೆಳಗಿಳಿಸಿ ಕೊಡುತ್ತದೆ. ಇನ್ನೊಂದು ರಿಯಲ್‌ಟೆಕ್‌ನ ಆರ್‌ಟಿಎಲ್2832ಯು. ಅದು ಆ ತುಂಡನ್ನು ಅಂಕಿಗಳಾಗಿ ಮಾಡುತ್ತದೆ. ಡಿವಿಬಿ-ಟಿ ಎಂಬ ಯುರೋಪಿನ ಟಿವಿ ಪದ್ಧತಿಗೆ ಮಾಡಿದ ಚಿಪ್ ಇದು. 2012ರಲ್ಲಿ ಫಿನ್ಲೆಂಡಿನ ಆಂಟಿ ಪಾಲೊಸಾರಿ ಎಂಬ ಲಿನಕ್ಸ್ ಡೆವಲಪರ್ ಒಂದು ಗುಟ್ಟು ಕಂಡುಹಿಡಿದರು. ಎಫ್‌ಎಂ ಕೇಳುವ ಮೋಡ್‌ನಲ್ಲಿ ಈ ಚಿಪ್ ಅಂಕಿಗಳನ್ನು ಅರೆಯದೆ, ಹಸಿಹಸಿಯಾಗಿ ಕಂಪ್ಯೂಟರಿಗೆ ಕಳಿಸುತ್ತದೆ. ಹಸಿ ಅಂಕಿ ಸಿಕ್ಕಿದರೆ ಉಳಿದ ಅಡುಗೆಯನ್ನು ಸಾಫ್ಟ್‌ವೇರಿನಲ್ಲೇ ಮಾಡಬಹುದಲ್ಲ! ಆಸ್ಮೊಕಾಮ್ ಎಂಬ ಓಪನ್ ಸೋರ್ಸ್ ಗುಂಪಿನವರು ಅದಕ್ಕೆ ಲೈಬ್ರರಿ ಬರೆದರು. ಅಲ್ಲಿಂದ ಟಿವಿ ಡಾಂಗಲ್ ರೇಡಿಯೊ ಆಯಿತು.

ಎಷ್ಟು ಅಂಕಿ ಬರುತ್ತವೆ ಗೊತ್ತಾ? ಸೆಕೆಂಡಿಗೆ 24 ಲಕ್ಷ ಸ್ಯಾಂಪಲ್, ಅಂದರೆ ಅಷ್ಟು ಸಲ ಅಳತೆ, ಎಂದಿಟ್ಟರೆ, ಒಂದೊಂದಕ್ಕೆ ಎರಡು ಬೈಟ್, ಒಟ್ಟು ಸೆಕೆಂಡಿಗೆ 48 ಲಕ್ಷ ಬೈಟ್. ನಿಲ್ಲದೆ. ಯುಎಸ್‌ಬಿ ಕೇಬಲ್ ಸೊರಗಿದ್ದರೆ ಯಾಕೆ ತೊಂದರೆ ಎಂದು ಇದರಲ್ಲೇ ಅರ್ಥವಾಗುತ್ತದೆ.

ಈಗ ದಾರಿಯಲ್ಲಿ ನಡೆಯೋಣ. ಮೊದಲು ಎಲ್‌ಎಸ್‌ಯುಎಸ್‌ಬಿ ಎಂದು ಹೊಡೆಯಿರಿ, ಯುಎಸ್‌ಬಿಗೆ ಚುಚ್ಚಿದ್ದರ ಪಟ್ಟಿ ಬರುತ್ತದೆ. 0ಬಿಡಿಎ:2838 ಅಥವಾ 0ಬಿಡಿಎ:2832 ಎಂಬ ಸಾಲು ಕಂಡರೆ ಡಾಂಗಲ್ ಜೀವಂತ ಇದೆ. ಕಾಣದಿದ್ದರೆ ಡ್ರೈವರ್ ಗೀವರ್ ಮುಟ್ಟಲೇ ಬೇಡಿ. ಪೋರ್ಟ್ ಬದಲಿಸಿ, ಹಬ್ ತೆಗೆಯಿರಿ, ಎಕ್ಸ್‌ಟೆನ್ಶನ್ ಕೇಬಲ್ ಬಿಚ್ಚಿ ನೇರ ಲ್ಯಾಪ್‌ಟಾಪಿಗೇ ಚುಚ್ಚಿ. ಎಕ್ಸ್‌ಟೆನ್ಶನ್ ಎಂದು ಮಾರುವ ಕೆಲವು ಕೇಬಲ್‌ಗಳ ಒಳಗೆ ಚಾರ್ಜಿಂಗ್ ತಂತಿ ಮಾತ್ರ ಇರುತ್ತದೆ, ಡೇಟಾ ತಂತಿಯೇ ಇಲ್ಲ. ವಿಂಡೋಸ್ ಒಳಗೆ ವರ್ಚುವಲ್ ಬಾಕ್ಸ್ ಎಂಬ ನಕಲಿ ಕಂಪ್ಯೂಟರ್ ಹಾಕಿ, ಅದರೊಳಗೆ ಉಬುಂಟು ಎಂಬ ಲಿನಕ್ಸ್ ಕೂರಿಸಿ, ಅದರಲ್ಲಿ ಎಸ್‌ಡಿಆರ್ ಕಲಿಯುತ್ತೇನೆ ಎನ್ನುವವರಿಗೆ ನನ್ನದು ಒಂದೇ ಮಾತು: ಬೇಡ. ಡಾಂಗಲ್ ಕಂಡರೂ ಸ್ಯಾಂಪಲ್ ದಾರಿಯಲ್ಲಿ ಸೋರುತ್ತವೆ. ಒಂದು ಪೆನ್ ಡ್ರೈವ್‌ಗೆ ಡ್ರ್ಯಾಗನ್ ಓಎಸ್ ಹಾಕಿ, ಅದರಿಂದಲೇ ಬೂಟ್ ಮಾಡಿ. ಎಸ್‌ಡಿಆರ್‌ನ ಸಾಮಾನೆಲ್ಲ ಮೊದಲೇ ತುಂಬಿಸಿಟ್ಟ ಲಿನಕ್ಸ್ ಅದು. ಅಲ್ಲಿ ಕೆಲಸ ಮಾಡಿದರೆ ನಿಮ್ಮ ಡಾಂಗಲ್ ಸರಿ ಇದೆ, ಗೋಜಲು ನಿಮ್ಮ ಇನ್‌ಸ್ಟಾಲೇಶನ್‌ನಲ್ಲಿದೆ ಎಂದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಹುಡುಗ ಇದೊಂದನ್ನು ಮೊದಲ ದಿನ ಮಾಡಿದ್ದರೆ ಮಳೆಯಲ್ಲಿ ನನ್ನ ಮನೆ ತನಕ ಬರುವುದು ಬೇಕಿರಲಿಲ್ಲ. ಬಂದದ್ದು ಒಳ್ಳೆಯದೇ ಆಯಿತು, ಬಿಡಿ. ಅವನ ಅಮ್ಮ ಪತ್ರೊಡೆ ಕಳಿಸಿದ್ದಳು.

ಅವನ ಎಲ್‌ಎಸ್‌ಯುಎಸ್‌ಬಿಯಲ್ಲಿ ಸಾಲು ಕಂಡಿತು. ಮುಂದೆ ಆರ್‌ಟಿಎಲ್ ಅಂಡರ್‌ಸ್ಕೋರ್ ಟೆಸ್ಟ್ ಎಂಬ ಕಮಾಂಡ್. ಲೈಬ್ರರಿಯ ಜೊತೆ ಬರುವ ಸಣ್ಣ ಪರೀಕ್ಷೆ ಅದು. ದೊಡ್ಡ ಪ್ರೋಗ್ರಾಮುಗಳ ತಂಟೆಗೆ ಹೋಗುವ ಮೊದಲು ಇದು ಪಾಸಾಗಬೇಕು. ಇಲ್ಲಿ ಬಂತು ನೋಡಿ, ಅವನ 'ಎಂತದೋ': ಯುಎಸ್‌ಬಿ ಕ್ಲೇಮ್ ಇಂಟರ್‌ಫೇಸ್ ಎರರ್, ಮೈನಸ್ 6.

ಮೈನಸ್ 6 ಎಂದರೆ 'ಬ್ಯುಸಿ'. ಡಾಂಗಲ್ ಇದೆ, ಆದರೆ ಅದನ್ನು ಬೇರೆ ಯಾರೋ ಹಿಡಿದುಕೊಂಡಿದ್ದಾರೆ. ಲಿನಕ್ಸ್‌ನಲ್ಲಿ ಮೊದಲ ಸಲ ಎಸ್‌ಡಿಆರ್ ಹಾಕುವವರು ಎಡವುವುದು ಇಲ್ಲೇ, ಮತ್ತು ಇದರ ಕಾರಣ ತಮಾಷೆಯಾಗಿದೆ. ಡಾಂಗಲ್ ಚುಚ್ಚಿದ ಕೂಡಲೇ ಲಿನಕ್ಸ್‌ನ ತಿರುಳಾದ ಕರ್ನೆಲ್ ಅದರ ನಂಬರ್ ನೋಡುತ್ತದೆ. 'ಓ, ಇದು ಟಿವಿ ಡಾಂಗಲ್, ಪಾಪ ಇವರಿಗೆ ಟಿವಿ ನೋಡಬೇಕು' ಎಂದುಕೊಂಡು ಡಿವಿಬಿ ಯುಎಸ್‌ಬಿ ಆರ್‌ಟಿಎಲ್28ಎಕ್ಸ್‌ಎಕ್ಸ್‌ಯು ಎಂಬ ಡ್ರೈವರನ್ನು ತಾನಾಗಿಯೇ ಕೂರಿಸುತ್ತದೆ. ಡಾಂಗಲ್ ಅದರ ಕೈಗೆ ಹೋಯಿತು. ನಮ್ಮ ರೇಡಿಯೊ ಪ್ರೋಗ್ರಾಮ್ ಬಂದು ಕೇಳಿದರೆ ಬಿಡುವುದಿಲ್ಲ. ಧಕ್ಕೆಗೆ ಬುಟ್ಟಿ ಇಳಿಯುವ ಮೊದಲೇ ದಲ್ಲಾಳಿ ಬಂದು ಹಿಡಿದುಕೊಂಡ ಹಾಗೆ. ಅದೂ ಯಾವ ಟಿವಿಗೆ? ನಮ್ಮ ದೂರದರ್ಶನ ಟವರಿನಿಂದ ಕಳಿಸುವ ಡಿಜಿಟಲ್‌ಗೆ ಆರಿಸಿಕೊಂಡದ್ದು ಡಿವಿಬಿ-ಟಿ2. ಈ ಚಿಪ್‌ಗೆ ಅದು ಅರ್ಥವೇ ಆಗುವುದಿಲ್ಲ. ಅಂತೂ ಕರಾವಳಿಯಲ್ಲಿ ಕೂತು ಆ ಡ್ರೈವರ್ ಕಾಯುತ್ತಿರುವುದು ಎಂದೂ ಬಾರದ ಚಾನೆಲ್‌ಗೆ.

ಪರಿಹಾರ ಎಲ್ಲರೂ ಹೇಳುವುದೇ: ಆ ಡ್ರೈವರನ್ನು ಬ್ಲ್ಯಾಕ್‌ಲಿಸ್ಟ್ ಮಾಡಿ. ಈಟಿಸಿ ಒಳಗಿನ ಮಾಡ್‌ಪ್ರೋಬ್ ಡಾಟ್ ಡಿ ಫೋಲ್ಡರಿನಲ್ಲಿ ಒಂದು ಫೈಲ್ ಮಾಡಿ, 'ಬ್ಲ್ಯಾಕ್‌ಲಿಸ್ಟ್' ಎಂಬ ಪದ, ಒಂದು ಜಾಗ, ಡ್ರೈವರಿನ ಹೆಸರು, ಅಷ್ಟೇ ಒಂದು ಸಾಲು. ಇದರಲ್ಲಿ ಎರಡು ಕಡೆ ಜನ ಜಾರುತ್ತಾರೆ. ಒಂದು, ಫೈಲಿನ ಹೆಸರು ಡಾಟ್ ಕಾನ್ಫ್ ಎಂದೇ ಮುಗಿಯಬೇಕು. ಇಲ್ಲದಿದ್ದರೆ ಮಾಡ್‌ಪ್ರೋಬ್ ಆ ಫೈಲನ್ನು ತಿರುಗಿಯೂ ನೋಡುವುದಿಲ್ಲ, ಎರರ್ ಕೂಡ ಕೊಡುವುದಿಲ್ಲ. ನಮ್ಮ ಹುಡುಗನ ಮೂರು ಫೈಲುಗಳಲ್ಲಿ ಎರಡಕ್ಕೆ ಬಾಲವೇ ಇರಲಿಲ್ಲ. ಇನ್ನೊಂದು, ಬ್ಲ್ಯಾಕ್‌ಲಿಸ್ಟ್ ಎಂದರೆ 'ಇನ್ನು ಮೇಲೆ ಒಳಗೆ ಬಿಡಬೇಡ' ಎಂದು ಮಾತ್ರ. ಈಗಾಗಲೇ ಒಳಗೆ ಕೂತವನನ್ನು ಅದು ಎಬ್ಬಿಸುವುದಿಲ್ಲ. ಡಾಂಗಲ್ ಕಿತ್ತು ಮತ್ತೆ ಚುಚ್ಚಿದರೂ ಒಳಗಿರುವ ಡ್ರೈವರ್ ಪುನಃ ಹಿಡಿಯುತ್ತದೆ. ಆರ್‌ಎಂಮಾಡ್ ಎಂಬ ಕಮಾಂಡಿನಿಂದ ಅದನ್ನು ಹೊರಗೆ ಹಾಕಬೇಕು. ಅಷ್ಟೆಲ್ಲ ಯಾಕೆ ಎನಿಸಿದರೆ ಕಂಪ್ಯೂಟರ್ ಒಮ್ಮೆ ರೀಸ್ಟಾರ್ಟ್ ಮಾಡಿ.

ಡೆಬಿಯನ್, ಉಬುಂಟುಗಳಲ್ಲಿ ಪ್ಯಾಕೇಜ್ ತಂದು ಹಾಕುವ ಎಪಿಟಿಯಿಂದ ಆರ್‌ಟಿಎಲ್-ಎಸ್‌ಡಿಆರ್ ಪ್ಯಾಕೇಜ್ ಹಾಕಿದರೆ ಈ ಫೈಲ್ ಸಾಮಾನ್ಯವಾಗಿ ಅದರ ಜೊತೆಗೇ ಬರುತ್ತದೆ. ಸೋರ್ಸ್‌ನಿಂದ, ಅಂದರೆ ಬರೆದ ಕೋಡಿನಿಂದ, ತಾವೇ ಕಂಪೈಲ್ ಮಾಡಿ ಕಟ್ಟಿಕೊಂಡವರಿಗೆ ಈ ಕಷ್ಟ ಜಾಸ್ತಿ.

ಆದರೆ ನಮ್ಮವನ ಮೂರನೇ ಫೈಲಿಗೆ ಸರಿಯಾದ ಬಾಲ ಇತ್ತು. ಎರಡು ಸಲ ರೀಸ್ಟಾರ್ಟೂ ಮಾಡಿದ್ದ. ಆದರೂ ಮೈನಸ್ 6. "ನೋಡಿ ಮಾವ, ಇದಕ್ಕೇ ಹೇಳಿದ್ದು ಹಾಳಾದದ್ದು ಅಂತ."

ಇಲ್ಲಿ ನನಗೆ ಬಹಳ ಇಷ್ಟವಾದ ಒಂದು ಕಮಾಂಡ್ ಉಂಟು. ಎಲ್‌ಎಸ್‌ಯುಎಸ್‌ಬಿ ಎಂದು ಬರೆದು, ಒಂದು ಜಾಗ ಬಿಟ್ಟು, ಸಣ್ಣ ಗೆರೆ ಎಳೆದು ಟಿ. ಇದು ಯುಎಸ್‌ಬಿ ಸಾಮಾನುಗಳನ್ನು ಮರದ ಕೊಂಬೆಗಳ ಹಾಗೆ ತೋರಿಸುತ್ತದೆ. ಪ್ರತಿ ಕೊಂಬೆಯ ತುದಿಯಲ್ಲಿ 'ಡ್ರೈವರ್ =' ಎಂದು ಬರೆದು, ಅದು ಯಾರ ಕೈಯಲ್ಲಿದೆ ಎಂದು ಹೆಸರು ಹೇಳುತ್ತದೆ. ಅಲ್ಲಿ ಟಿವಿ ಡ್ರೈವರಿನ ಹೆಸರಿದ್ದರೆ ಕಳ್ಳ ಕರ್ನೆಲ್. ಏನೂ ಇಲ್ಲದಿದ್ದರೆ ಡಾಂಗಲ್ ಬಿಡುವಾಗಿದೆ. ಯುಎಸ್‌ಬಿಎಫ್‌ಎಸ್ ಎಂದಿದ್ದರೆ? ನಮ್ಮ ಹಾಗೆಯೇ ಲೈಬ್ರರಿ ಬಳಸುವ ಇನ್ನೊಂದು ಪ್ರೋಗ್ರಾಮ್ ಅದನ್ನು ಮೊದಲೇ ತೆರೆದಿದೆ ಎಂದರ್ಥ.

ಅವನ ಸ್ಕ್ರೀನಿನಲ್ಲಿ ಇದ್ದದ್ದು ಯುಎಸ್‌ಬಿಎಫ್‌ಎಸ್.

"ವಿಮಾನ ನೋಡುದು ಎಂತಾದ್ರೂ ಹಾಕಿದ್ದಿಯಾ?"

"ಹಾಂ, ಡಂಪ್1090. ಆದ್ರೆ ಅದನ್ನು ನಾನು ಓಪನೇ ಮಾಡ್ಲಿಲ್ಲ ಮಾವ!"

ಅವನು ಮಾಡಬೇಕಿರಲಿಲ್ಲ. ಅವನು ಹಾಕಿದ ಡಂಪ್1090ರ ಪ್ಯಾಕೇಜು ತನ್ನನ್ನು ಸರ್ವಿಸ್ ಆಗಿ ಸೇರಿಸಿಕೊಂಡಿತ್ತು. ಕಂಪ್ಯೂಟರ್ ಏಳುವಾಗ ಅದೂ ಎದ್ದು, ಡಾಂಗಲ್ ಹಿಡಿದು, ಬಜ್ಪೆಗೆ ಇಳಿಯುವ ವಿಮಾನಗಳನ್ನು ಸದ್ದಿಲ್ಲದೆ ಎಣಿಸುತ್ತಾ ಕೂತಿತ್ತು. ಹಾಗಾದರೆ ಮೊದಲ ದಿನದ ಮೈನಸ್ 6ಕ್ಕೆ ಕಾರಣ ಕರ್ನೆಲ್. ಅದನ್ನು ಸರಿಮಾಡಿಕೊಂಡ. ಎರಡನೇ ದಿನ ಡಂಪ್1090 ಹಾಕಿದ. ಕಳ್ಳ ಬದಲಾಗಿದ್ದ, ನಂಬರ್ ಮಾತ್ರ ಅದೇ. ಎರರ್‌ನ ಮೇಲುಗಡೆಯೇ 'ಕರ್ನೆಲ್ ಡ್ರೈವರ್ ಹಿಡಿದಿದೆ, ಇಲ್ಲವೇ ಇದೇ ಲೈಬ್ರರಿಯ ಇನ್ನೊಂದು ಪ್ರೋಗ್ರಾಮ್ ಹಿಡಿದಿದೆ' ಎಂಬ ಅರ್ಥದ ಇಂಗ್ಲಿಷ್ ಸಾಲೂ ಇತ್ತು. ಅರ್ಧ ಸಾಲು ಓದಿ ಬಿಟ್ಟಿದ್ದ. ಒಂದು ಡಾಂಗಲನ್ನು ಒಂದು ಸಲಕ್ಕೆ ಒಂದೇ ಪ್ರೋಗ್ರಾಮ್ ಬಳಸಬಹುದು. ಸಿಸ್ಟಮ್‌ಸಿಟಿಎಲ್ ಸ್ಟಾಪ್ ಎಂದು ಹೇಳಿ ಆ ಸರ್ವಿಸ್ ನಿಲ್ಲಿಸಿದ ಮೇಲೆ ಟೆಸ್ಟ್ ತೆರೆದುಕೊಂಡಿತು.

ಮೈನಸ್ 3 ಬಂದರೆ ಕಥೆ ಬೇರೆ. ಅದು 'ನಿನಗೆ ಅನುಮತಿ ಇಲ್ಲ' ಎಂಬುದು. ಪೂರ್ತಿ ಅಧಿಕಾರ ಕೊಡುವ ಸುಡೊ ಹಾಕಿದರೆ ಕೆಲಸ ಮಾಡುತ್ತದೆ, ಹಾಕದಿದ್ದರೆ ಇಲ್ಲ ಎಂದಾದರೆ ಇದೇ. ಆಗ ಎಲ್ಲವನ್ನೂ ಸುಡೊದಲ್ಲೇ ನಡೆಸುವ ಚಾಳಿ ಹತ್ತುತ್ತದೆ. ಬೇಡ. ಸೆಟ್ಟಿಂಗ್ಸ್ ಫೈಲುಗಳೆಲ್ಲ ರೂಟ್ ಎಂಬ ಯಜಮಾನನ ಹೆಸರಿಗೆ ಹೋಗಿ, ನಾಳೆ ನಿಮ್ಮ ಹೆಸರಿನಲ್ಲಿ ತೆರೆದಾಗ ಇನ್ನೊಂದು ರಗಳೆ. ಸರಿಯಾದ ದಾರಿ ಯುಡೆವ್ ನಿಯಮ. 'ಈ ನಂಬರಿನ ಡಾಂಗಲ್ ಬಂದರೆ ಈ ಗುಂಪಿನವರಿಗೆ ಕೊಡು' ಎಂಬ ಚೀಟಿ ಅದು. ಲೈಬ್ರರಿಯ ಸೋರ್ಸ್ ಜೊತೆ ಆರ್‌ಟಿಎಲ್-ಎಸ್‌ಡಿಆರ್ ಡಾಟ್ ರೂಲ್ಸ್ ಎಂದು ಸಿಗುತ್ತದೆ. ಈಟಿಸಿ ಒಳಗಿನ ಯುಡೆವ್‌ನ ರೂಲ್ಸ್ ಡಾಟ್ ಡಿಯಲ್ಲಿ ಹಾಕಿ, ಯುಡೆವ್‌ಎಡಿಎಂಗೆ ನಿಯಮಗಳನ್ನು ಮತ್ತೆ ಓದಲು ಹೇಳಿ, ಡಾಂಗಲ್ ಕಿತ್ತು ಚುಚ್ಚಿ. ನಿಮ್ಮನ್ನು ಪ್ಲಗ್‌ಡೆವ್ ಗುಂಪಿಗೆ ಸೇರಿಸಿಕೊಂಡಿದ್ದರೆ ಲಾಗ್ ಔಟ್ ಆಗಿ ಮತ್ತೆ ಬನ್ನಿ. ಹಾಗೆ ಮಾಡುವ ತನಕ ಗುಂಪಿಗೆ ಸೇರಿದ್ದು ಲೆಕ್ಕಕ್ಕಿಲ್ಲ.

ಟೆಸ್ಟ್ ಓಡುವಾಗ ಬರುವ ಎಲ್ಲ ಸಾಲಿಗೂ ಹೆದರಬೇಕಿಲ್ಲ. ಟಿ ಎಂಬ ಆಯ್ಕೆ ಸೇರಿಸಿ ಓಡಿಸಿದರೆ 'ಇ4000 ಟ್ಯೂನರ್ ಸಿಗಲಿಲ್ಲ, ನಿಲ್ಲಿಸುತ್ತಿದ್ದೇನೆ' ಎನ್ನುತ್ತದೆ. ಆ ಪರೀಕ್ಷೆ ಇ4000 ಎಂಬ ಹಳೆ ಟ್ಯೂನರಿಗೆ ಮಾತ್ರ ಇರುವುದು. ನಿಮ್ಮದರಲ್ಲಿ ಅದು ಇಲ್ಲ, ಅಷ್ಟೇ. ಎಷ್ಟು ಜನ ಇದನ್ನು ನೋಡಿ ಡಾಂಗಲ್ ವಾಪಸ್ ಕಳಿಸಿದ್ದಾರೋ! ಪಿಎಲ್‌ಎಲ್ (ಟ್ಯೂನರಿನ ಫ್ರೀಕ್ವೆನ್ಸಿ ಹಿಡಿದಿಡುವ ಭಾಗ) ಲಾಕ್ ಆಗಿಲ್ಲ ಎಂಬ ಸಾಲು ಶುರುವಿನಲ್ಲಿ ಒಮ್ಮೆ ಬಂದು ಹೋದರೆ ಅದನ್ನೂ ಬಿಟ್ಟುಬಿಡಿ. ಆದರೆ 'ಇಷ್ಟು ಬೈಟ್ ಕಳೆದುಹೋಯಿತು' ಎಂದು ನಿಲ್ಲದೆ ಬರುತ್ತಿದ್ದರೆ ಅದು ನಿಜವಾದ ತೊಂದರೆ. ಶುರುವಿಗೆ ಸ್ವಲ್ಪ ಹೋದರೆ ಚಿಂತೆ ಇಲ್ಲ. ಆಮೇಲೂ ಹೋಗುತ್ತಿದ್ದರೆ ಹಬ್, ಕೇಬಲ್, ಸ್ಯಾಂಪಲ್ ರೇಟ್ ನೋಡಿ. ಸೆಕೆಂಡಿಗೆ 32 ಲಕ್ಷ ತನಕ ಇಡಬಹುದು ಎಂದಿದ್ದರೂ 24 ಲಕ್ಷದಲ್ಲಿ ಇಡುವುದು ಲೇಸು.

ಟೆಸ್ಟ್ ಪಾಸಾಯಿತು. ಜಿಕ್ಯೂಆರ್‌ಎಕ್ಸ್ ಎಂಬ ರೇಡಿಯೊ ಪ್ರೋಗ್ರಾಮ್ ತೆರೆದೆವು. ನೀಲಿ ಜಲಪಾತದ ಹಾಗೆ ಸ್ಕ್ರೀನ್ ಇಳಿಯತೊಡಗಿತು. ಹುಡುಗನ ಮುಖ ಅರಳಿತು. ಆಕಾಶವಾಣಿ ಮಂಗಳೂರಿನ 100.3ಕ್ಕೆ ಹೋದ. ಬರೀ ಸೊರ್ರ್ ಎಂಬ ಸದ್ದು. 93.5, 98.3 ಕೂಡ ಇಲ್ಲ. ಇರಬಾರದ ಕಡೆಗಳಲ್ಲಿ ಮಾತ್ರ ಎಂತದೋ ಗೀರುಗಳು.

ಎರರ್ ಕೊಡದೆ ಸುಮ್ನೆ ತಪ್ಪು ಮಾಡುವ ಸಾಫ್ಟ್‌ವೇರ್ ಹಿಡಿಯುವುದು ಕಷ್ಟ. ಇಲ್ಲಿ ಸುಳಿವು ಸಿಕ್ಕಿದ್ದು ಡಾಂಗಲ್‌ನ ಬೆನ್ನ ಮೇಲೆ. ಆರ್‌ಟಿಎಲ್-ಎಸ್‌ಡಿಆರ್ ಬ್ಲಾಗ್ ವಿ4 ಎಂದು ಬರೆದಿತ್ತು. 2023ರಲ್ಲಿ ಬಂದ ಮಾದರಿ. ಇದರಲ್ಲಿ ಇರುವುದು ಆರ್828ಡಿ ಎಂಬ ಟ್ಯೂನರ್. ರೇಡಿಯೊದ ಎಲ್ಲ ಲೆಕ್ಕವೂ ಒಳಗಿನ ಒಂದು ಗಡಿಯಾರದ ಮೇಲೆ, ಅಂದರೆ ಕ್ರಿಸ್ಟಲ್ ಮೇಲೆ ನಿಂತಿದೆ. ಹಳೆ ಲೈಬ್ರರಿಯ ತಿಳಿವಳಿಕೆಯಲ್ಲಿ ಆರ್828ಡಿ ಎಂದರೆ 16 ಮೆಗಾಹರ್ಟ್ಸ್ ಗಡಿಯಾರ. ಆದರೆ ವಿ4ರಲ್ಲಿ ಇಟ್ಟಿರುವುದು 28.8 ಮೆಗಾಹರ್ಟ್ಸ್. 1.8 ಪಟ್ಟು ವೇಗವಾಗಿ ಓಡುವ ಗಡಿಯಾರ ಕೊಟ್ಟು, ಹಳೆ ಪಂಚಾಂಗ ನೋಡಿ ಮುಹೂರ್ತ ಇಟ್ಟ ಹಾಗೆ. ನೀವು 100.3 ಎಂದರೆ ಟ್ಯೂನರ್ ಹೋಗಿ ನಿಲ್ಲುವುದು ಇನ್ನೆಲ್ಲೋ. ಹೊಸ ಲೈಬ್ರರಿಯಾದರೆ ಡಾಂಗಲ್ ಒಳಗೆ ಬರೆದ ಹೆಸರು ಓದಿ, 'ವಿ4 ಸಿಕ್ಕಿತು' ಎಂದು ಟೆಸ್ಟ್‌ನಲ್ಲೇ ಹೇಳುತ್ತದೆ.

"ಆದ್ರೆ ಟೆಸ್ಟ್ ಹಾಗೇ ಹೇಳಿತಲ್ಲ ಮಾವ?"

ಹೌದು, ಹೇಳಿತ್ತು. ಅದೇ ಸ್ವಾರಸ್ಯ. ಅವನು ಮೊದಲು ಎಪಿಟಿಯಿಂದ ಹಳೆ ಲೈಬ್ರರಿ ಹಾಕಿದ್ದ. ಆಮೇಲೆ ಸೋರ್ಸ್‌ನಿಂದ ಹೊಸದನ್ನು ಕಂಪೈಲ್ ಮಾಡಿದ್ದ. ಎಪಿಟಿಯದ್ದು ಯುಎಸ್‌ಆರ್ ಒಳಗಿನ ಲಿಬ್‌ನಲ್ಲಿ ಕೂತಿತ್ತು. ಕಂಪೈಲ್ ಮಾಡಿದ್ದು ಯುಎಸ್‌ಆರ್ ಲೋಕಲ್ ಒಳಗಿನ ಲಿಬ್‌ನಲ್ಲಿ. ಟೆಸ್ಟ್ ಹೊಸದನ್ನು ಹಿಡಿದಿತ್ತು, ಜಿಕ್ಯೂಆರ್‌ಎಕ್ಸ್ ಹಳೆಯದನ್ನು. ಒಂದೇ ಮನೆಯಲ್ಲಿ ಒಂದೇ ಹೆಸರಿನ ಇಬ್ಬರು. ಕರೆದರೆ ಯಾರು ಓಗೊಡುತ್ತಾರೆ ಎಂದು ಹೇಳಲಿಕ್ಕಾಗದು. ಯಾವ ಪ್ರೋಗ್ರಾಮ್ ಯಾವ ಲೈಬ್ರರಿ ಹಿಡಿದಿದೆ ಎಂದು ನೋಡಲು ಎಲ್‌ಡಿಡಿ ಎಂಬ ಕಮಾಂಡ್ ಉಂಟು. ಪ್ರೋಗ್ರಾಮಿನ ಪೂರ್ತಿ ವಿಳಾಸ ಕೊಟ್ಟರೆ ಅದು ಬಳಸುವ ಲೈಬ್ರರಿಗಳ ಪಟ್ಟಿ, ಅವು ಇರುವ ಜಾಗ ಎಲ್ಲ ಹೊರಗೆ ಹಾಕುತ್ತದೆ. ಅದರಲ್ಲಿ ಲಿಬ್‌ಆರ್‌ಟಿಎಲ್‌ಎಸ್‌ಡಿಆರ್ ಎಂಬ ಸಾಲು ಹುಡುಕಿ.

ಇದೇ ಗೋಜಲಿನ ಚಿಕ್ಕ ತಮ್ಮ ಇನ್ನೊಬ್ಬನಿದ್ದಾನೆ: ಕಂಪೈಲ್ ಎಲ್ಲ ಸರಿಯಾಗಿ ಮುಗಿದು, ಓಡಿಸಲು ಹೋದರೆ 'ಲೈಬ್ರರಿ ಫೈಲ್ ತೆರೆಯಲಾಗಲಿಲ್ಲ' ಎಂಬ ಎರರ್. ಫೈಲ್ ಅಲ್ಲೇ ಇರುತ್ತದೆ. ವ್ಯವಸ್ಥೆಯ ಪಟ್ಟಿಗೆ ಮಾತ್ರ ಸೇರಿರುವುದಿಲ್ಲ. ಸುಡೊ ಹಾಕಿ ಎಲ್‌ಡಿಕಾನ್ಫಿಗ್ ಎಂದು ಒಮ್ಮೆ ಹೊಡೆದರೆ ಮುಗಿಯಿತು.

ಎರಡು ಲೈಬ್ರರಿ ಇದ್ದರೆ ಒಂದನ್ನು ತೆಗೆಯಲೇಬೇಕು. ಆದರೆ ಎಪಿಟಿಯ ಲೈಬ್ರರಿ ತೆಗೆಯಲು ಹೋದಾಗ ಅದು 'ಇದನ್ನು ನಂಬಿಕೊಂಡವರನ್ನೂ ತೆಗೆಯುತ್ತೇನೆ' ಎಂದು ಒಂದು ಪಟ್ಟಿ ಕೊಡುತ್ತದೆ. ಜಿಕ್ಯೂಆರ್‌ಎಕ್ಸ್ ಆ ಪಟ್ಟಿಯಲ್ಲಿರುತ್ತದೆ. ಓದದೆ ವೈ ಒತ್ತಿದರೆ ಅದೂ ಹೋಯಿತು. ನಾವು ಏನು ಮಾಡಿದೆವು ಎಂದರೆ, ಅವನ ಹಳೆ ಉಬುಂಟುವನ್ನೇ ತೆಗೆದು ಹೊಸ ಆವೃತ್ತಿ ಹಾಕಿದೆವು. ವಿ4 ಗುರುತಿಸುವ ಲೈಬ್ರರಿ ಅದರ ಎಪಿಟಿಯಲ್ಲೇ ಇತ್ತು. ಕಂಪೈಲ್ ಮಾಡುವ ಗೋಜೇ ಇಲ್ಲ. ಸೋರ್ಸ್‌ನಿಂದ ಕಟ್ಟುವುದು ಗಟ್ಟಿಗರ ಲಕ್ಷಣ ಎಂದು ಕಾಲೇಜಿನ ಹುಡುಗರಿಗೆ ಒಂದು ಭ್ರಮೆ. ಪ್ಯಾಕೇಜಿನಲ್ಲಿ ಸಿಗುವುದನ್ನು ಪ್ಯಾಕೇಜಿನಿಂದಲೇ ಹಾಕಿ. ಸಿಗದಿದ್ದರೆ ಮಾತ್ರ ಕಟ್ಟಿ. ಎರಡನ್ನೂ ಬೆರೆಸಬೇಡಿ.

ಮುಂದಿನದ್ದೆಲ್ಲ ಸಣ್ಣಪುಟ್ಟದ್ದು. ಜಲಪಾತ ಓಡುತ್ತಿದೆ, ಸ್ಟೇಷನ್ ಗೀರು ಕಾಣುತ್ತಿದೆ, ಸದ್ದಿಲ್ಲ ಎಂದರೆ ಮೋಡ್ ನೋಡಿ. ಎಫ್‌ಎಂ ಸ್ಟೇಷನ್‌ಗೆ ವೈಡ್ ಎಫ್‌ಎಂ ಬೇಕು. ನ್ಯಾರೋ ಇಟ್ಟರೆ ಮಾತು ತುಂಡುತುಂಡಾಗುತ್ತದೆ. ಮೆಲ್ಲಗಿನ ಸಿಗ್ನಲ್‌ನ ಬಾಯಿ ಮುಚ್ಚಿಸುವ ಸ್ಕ್ವೆಲ್ಚ್ ಕೆಳಗಿಳಿಸಿ. ಹೆಡ್‌ಫೋನ್ ಬ್ಲೂಟೂತ್‌ನದ್ದಾದರೆ ಶಬ್ದ ಯಾವ ಕಡೆ ಹೋಗುತ್ತಿದೆ ನೋಡಿ. ಫ್ಲಾಟ್‌ಪ್ಯಾಕ್ ಅಥವಾ ಸ್ನ್ಯಾಪ್ ಎಂಬ ಬೇಲಿ ಹಾಕಿದ ಪ್ಯಾಕೇಜಿನಲ್ಲಿ ಬಂದ ಪ್ರೋಗ್ರಾಮಿಗೆ ಕೆಲವೊಮ್ಮೆ ಯುಎಸ್‌ಬಿ ಮುಟ್ಟುವ ಅನುಮತಿಯೇ ಇರುವುದಿಲ್ಲ.

ಗೇನ್, ಅಂದರೆ ಸಿಗ್ನಲನ್ನು ಎಷ್ಟು ಜೋರು ಮಾಡಬೇಕು ಎಂಬುದರ ಬಗ್ಗೆ ಮಾತ್ರ ಸ್ವಲ್ಪ ನಿಲ್ಲಬೇಕು. ಆರ್820ಟಿ2ರಲ್ಲಿ ಸೊನ್ನೆಯಿಂದ 49.6 ಡೆಸಿಬೆಲ್ ತನಕ 29 ಮೆಟ್ಟಿಲುಗಳಿವೆ. ಎಲ್ಲರೂ ಮೊದಲ ದಿನ ಅದನ್ನು ತುದಿಗೆ ಎಳೆಯುತ್ತಾರೆ. ಮಂಗಳೂರಿನ ಕದ್ರಿ ಗುಡ್ಡದ ಟವರುಗಳ ಹತ್ತಿರ ಮನೆ ಇರುವವರು ಹಾಗೆ ಮಾಡಿದರೆ ಒಂದೇ ಸ್ಟೇಷನ್ ನಾಲ್ಕು ಕಡೆ ಕೇಳಿಸುತ್ತದೆ. ಈ ಡಾಂಗಲ್ ಒಂದು ಸ್ಯಾಂಪಲ್ ಅಳೆಯಲು ಬಳಸುವುದು ಬರೀ 8 ಬಿಟ್, ಅಂದರೆ 256 ಮೆಟ್ಟಿಲು. ಜೋರಾದ ಸ್ಟೇಷನ್ ಅಷ್ಟನ್ನೂ ತುಂಬಿಸಿ ಉಕ್ಕಿದರೆ ಮೆಲ್ಲಗೆ ಮಾತಾಡುವವರು ಮುಳುಗುತ್ತಾರೆ. ಗೇನ್ ಸೊನ್ನೆಯಿಂದ ಮೆಲ್ಲ ಮೇಲೆ ತನ್ನಿ. ಸ್ಟೇಷನ್ ಮೇಲೇಳುವುದಕ್ಕಿಂತ ಜಾಸ್ತಿ ಹಿನ್ನೆಲೆಯ ಗದ್ದಲ ಏರತೊಡಗಿದರೆ ಎರಡು ಮೆಟ್ಟಿಲು ಹಿಂದೆ ಬನ್ನಿ.

ಅಗ್ಗದ ಡಾಂಗಲ್‌ಗಳ ಕ್ರಿಸ್ಟಲ್ ಸ್ವಲ್ಪ ತಪ್ಪಿರುತ್ತದೆ. ಅದನ್ನು ಪಿಪಿಎಂನಲ್ಲಿ ಹೇಳುತ್ತಾರೆ, ಹತ್ತು ಲಕ್ಷಕ್ಕೆ ಎಷ್ಟು ಎಂದು. 50 ಪಿಪಿಎಂ ತಪ್ಪಿದೆ ಎನ್ನಿ. 100 ಮೆಗಾಹರ್ಟ್ಸ್‌ನಲ್ಲಿ ಅದು 5 ಕಿಲೋಹರ್ಟ್ಸ್. ಎಫ್‌ಎಂ ಸ್ಟೇಷನ್ ಸುಮಾರು 200 ಕಿಲೋಹರ್ಟ್ಸ್ ಅಗಲ ಇರುವುದರಿಂದ ನಿಮಗೆ ಗೊತ್ತೂ ಆಗುವುದಿಲ್ಲ. ವಿಮಾನಗಳು ತಮ್ಮ ಜಾಗ ಹೇಳುವ 1090 ಮೆಗಾಹರ್ಟ್ಸ್‌ನಲ್ಲಿ ತಪ್ಪು 54 ಕಿಲೋಹರ್ಟ್ಸ್ ದಾಟುತ್ತದೆ, ಆದರೆ ಆ ಸಿಗ್ನಲ್ ಇನ್ನೂ ಅಗಲ. ಹಡಗುಗಳ ಎಐಎಸ್‌ನಲ್ಲಿ ಹಾಗಲ್ಲ. ಪಣಂಬೂರಿನ ಬಂದರಿಗೆ ಬರುವ ಹಡಗುಗಳು ತಮ್ಮ ಹೆಸರು, ಜಾಗ, ವೇಗ ಹೇಳುವುದು 161.975 ಮತ್ತು 162.025 ಮೆಗಾಹರ್ಟ್ಸ್‌ನಲ್ಲಿ. ಆ ಚಾನೆಲ್ ಬರೀ 25 ಕಿಲೋಹರ್ಟ್ಸ್. ಅಲ್ಲಿ 8 ಕಿಲೋಹರ್ಟ್ಸ್ ತಪ್ಪಿದರೆ ಒಂದು ಹಡಗೂ ಕಾಣದಿರಬಹುದು. ನೀವು ಪುನಃ ಡ್ರೈವರ್ ಮೇಲೆ ಸಂಶಯಪಟ್ಟುಕೊಂಡು ಹೋಗುತ್ತೀರಿ. ಡಾಂಗಲ್ ಬಿಸಿಯಾಗಲು ಇಪ್ಪತ್ತು ನಿಮಿಷ ಬಿಟ್ಟು, ಆಮೇಲೆ ಪಿಪಿಎಂ ಸರಿಮಾಡಿ.

1090 ಎಂದಾಗ ನೆನಪಾಯಿತು. ಪತ್ರೊಡೆ ಹಂಚುತ್ತಿದ್ದ ನನ್ನ ಅಮ್ಮ ಆ ನಂಬರ್ ಕೇಳಿ, "ನಮ್ಮ ಹಳೇ ರೇಡಿಯೊದಲ್ಲಿ 1089 ಬರ್ತಿತ್ತಲ್ಲ, ಅದರ ಪಕ್ಕದ್ದಾ ಮಗಾ?" ಎಂದರು. ಅವರು ಹೇಳಿದ್ದು ಬ್ರಹ್ಮಾವರದಿಂದ ಬರುತ್ತಿದ್ದ ಆಕಾಶವಾಣಿಯ ಮೀಡಿಯಂ ವೇವ್. ಅದು 1089 ಕಿಲೋಹರ್ಟ್ಸ್, ವಿಮಾನದ್ದು 1090 ಮೆಗಾಹರ್ಟ್ಸ್. ಪಕ್ಕದ ಮನೆಯಲ್ಲ, ಸಾವಿರ ಪಟ್ಟು ದೂರ. ಆದರೆ ಅಮ್ಮನ ಪ್ರಶ್ನೆಯಲ್ಲಿ ಒಂದು ಪಾಠ ಉಂಟು. ಸಾಮಾನ್ಯ ಡಾಂಗಲ್ 24 ಮೆಗಾಹರ್ಟ್ಸ್‌ಗಿಂತ ಕೆಳಗೆ ಇಳಿಯುವುದಿಲ್ಲ. ಮೀಡಿಯಂ ವೇವ್ ಬರುತ್ತಿಲ್ಲ ಎಂದು ಲಿನಕ್ಸ್ ಬಿಚ್ಚಿ ಕೂರಬೇಡಿ. ಅದಕ್ಕೆ ಟ್ಯೂನರ್ ಬಿಟ್ಟು ನೇರ ಅಳೆಯುವ ಡೈರೆಕ್ಟ್ ಸ್ಯಾಂಪ್ಲಿಂಗ್ ಬೇಕು, ಇಲ್ಲವೇ ವಿ4ರ ಹಾಗೆ ಸಿಗ್ನಲನ್ನು ಮೇಲಿನ ಫ್ರೀಕ್ವೆನ್ಸಿಗೆ ಏರಿಸುವ ಅಪ್‌ಕನ್ವರ್ಟರ್ ಒಳಗೇ ಇರಬೇಕು.

ಆಂಟೆನಾದ ಉದ್ದಕ್ಕೂ ಒಂದು ಅಂದಾಜು ಇರಲಿ. ಕಾಲು ಅಲೆ ಲೆಕ್ಕದಲ್ಲಿ 100.3ಕ್ಕೆ ಸುಮಾರು 75 ಸೆಂಟಿಮೀಟರ್, ಹಡಗಿಗೆ 46, ವಿಮಾನಕ್ಕೆ 7ಕ್ಕಿಂತ ಸ್ವಲ್ಪ ಕಮ್ಮಿ. ವಿಮಾನ ನೋಡುವವರಿಗೆ ನಮ್ಮ ಕರಾವಳಿ ಒಳ್ಳೆಯ ಜಾಗ. ಪಶ್ಚಿಮಕ್ಕೆ ಸಮುದ್ರ, ಅಡ್ಡ ಏನೂ ಇಲ್ಲ. ತಾರಸಿಯ ಮೇಲೆ ಆಂಟೆನಾ ಇಟ್ಟರೆ ಗಲ್ಫ್‌ಗೆ ಹೋಗುವ ಎತ್ತರದ ವಿಮಾನಗಳು ಬಹಳ ದೂರದ ತನಕ ಕಾಣುತ್ತವೆ. ಪೂರ್ವಕ್ಕೆ ಘಟ್ಟ ಅಡ್ಡ ಬರುತ್ತದೆ.

ಆ ಸಂಜೆ ಹೊಸ ಉಬುಂಟು ಕೂತು 100.3 ಬಂದಾಗ ಗಂಟೆ ಒಂಬತ್ತು. ಬಂದರೂ ಹಿಂದೆ ಒಂದು ಕಿರಿಕಿರಿ ಗುಂಯ್ಗುಡುವಿಕೆ. ಜಲಪಾತದಲ್ಲಿ ಸಮ ಅಂತರದಲ್ಲಿ ಬೇಲಿಗೂಟದ ಹಾಗೆ ಗೆರೆಗಳು. ಹುಡುಗ ಪುನಃ ಸೆಟ್ಟಿಂಗ್ಸ್‌ಗೆ ಕೈ ಹಾಕಿದ. ಅಷ್ಟರಲ್ಲಿ ಕರೆಂಟು ಹೋಯಿತು. ಬ್ಯಾಟರಿಯಲ್ಲಿ ಲ್ಯಾಪ್‌ಟಾಪ್ ಓಡುತ್ತಿತ್ತು. ನಮ್ಮ ಕಣ್ಣೆದುರೇ ಬೇಲಿಗೂಟಗಳೆಲ್ಲ ಮಾಯ. ಗದ್ದಲದ ಮಟ್ಟ ಒಂದು ಗೇಣು ಕೆಳಗಿಳಿಯಿತು. ಕತ್ತಲೆಯಲ್ಲಿ ವಾರ್ತೆ ಓದುವವರ ದನಿ ಸ್ಪಷ್ಟವಾಗಿ ಕೇಳಿಸಿತು. ಅಷ್ಟೂ ಗದ್ದಲ ಬರುತ್ತಿದ್ದದ್ದು ಲ್ಯಾಪ್‌ಟಾಪ್ ಚಾರ್ಜರಿನಿಂದ, ಮತ್ತೆ ಜಗಲಿಯ ಎಲ್‌ಇಡಿ ಬಲ್ಬಿನಿಂದ. ಅಗ್ಗದ ಬಲ್ಬಿನ ಒಳಗಿನ ಸರ್ಕಿಟ್ ತಾನೂ ಒಂದು ಸಣ್ಣ ರೇಡಿಯೊ ಸ್ಟೇಷನ್. ಯುಎಸ್‌ಬಿ 3 ಪೋರ್ಟಿನ ಪಕ್ಕದಲ್ಲೂ ಇಂಥದೇ ಗದ್ದಲ ಇರುತ್ತದೆ. ಒಂದು ಮೀಟರಿನ ಒಳ್ಳೆ ಎಕ್ಸ್‌ಟೆನ್ಶನ್ ಹಾಕಿ ಡಾಂಗಲನ್ನು ದೂರ ಇಡುವುದು ಅದಕ್ಕೇ.

ನಮ್ಮ ಊರಿಗೆ ಸೇರಿದ ಎರಡು ಮಾತು ಉಳಿದಿವೆ. ಉಪ್ಪು ಗಾಳಿಗೆ ಆಂಟೆನಾದ ಕನೆಕ್ಟರು ಒಂದು ಮಳೆಗಾಲದಲ್ಲೇ ಕಿಲುಬು ಹಿಡಿಯುತ್ತದೆ. ಹೋದ ವರ್ಷ ಚೆನ್ನಾಗಿ ಬರುತ್ತಿದ್ದದ್ದು ಈ ವರ್ಷ ಮಂಕಾದರೆ ಲಿನಕ್ಸ್ ಅಪ್‌ಡೇಟನ್ನು ಬೈಯುವ ಮೊದಲು ಕನೆಕ್ಟರ್ ಬಿಚ್ಚಿ ನೋಡಿ. ಹೊರಗಿನ ಜೋಡಣೆಗೆ ನೀರು ಹೋಗದ ಹಾಗೆ ಟೇಪ್ ಸುತ್ತಿ.

ಇನ್ನೊಂದು ಸಿಡಿಲು. ಮೇ ತಿಂಗಳಿನಲ್ಲಿ ಘಟ್ಟದ ಕಡೆ ಕಪ್ಪಾಗತೊಡಗಿದರೆ ಗುಡುಗು ಹತ್ತಿರ ಬರುವ ತನಕ ಕಾಯಬೇಡಿ. ತಾರಸಿಯ ಆಂಟೆನಾದ ಕೇಬಲನ್ನು ಡಾಂಗಲ್‌ನಿಂದ ಮೊದಲು ಬಿಚ್ಚಿ, ಕಿಟಕಿಯ ಹೊರಗೆ ಹಾಕಿ. ಒಣಗಲು ಹಾಕಿದ ಹಪ್ಪಳ ಆಮೇಲೆ ತರಬಹುದು.